ನಾನು ತಯಾರಿಸಿದ ಹಲ್ಲಿ

ಕೊಟ್ಟೂರಿನಲ್ಲಿ ನನ್ನನ್ನು ಕಲಾವಿದ ಎಂದು ಕರೆಯುವವನು ನಾನೊಬ್ಬನೇ. ಉಳಿದವರಿಗೆಲ್ಲ ನಾನು ಮದುವೆ ವಿಡಿಯೋದವನು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಸೈಜಿನ ಫೋಟೋ, ಮದುವೆ, ಸೀಮಂತ, ಗೃಹಪ್ರವೇಶ ಎಲ್ಲವೂ ಆಗುತ್ತದೆ. ಇದರಲ್ಲಿ ಹೊಟ್ಟೆ ತುಂಬುತ್ತದೆ. ಹೊಟ್ಟೆ ತುಂಬಿದ ಮೇಲೆ ಮನುಷ್ಯನಿಗೆ ಏನಾದರೊಂದು ಹುಚ್ಚು ಹತ್ತಬೇಕಲ್ಲ, ನನಗೆ ಸದ್ದಿನ ಹುಚ್ಚು ಹತ್ತಿತು.

ನಮ್ಮ ಕಸುಬಿನಲ್ಲಿ ಕಾಲವನ್ನು ಎಳೆಯುವುದು, ಕುಗ್ಗಿಸುವುದು ದಿನನಿತ್ಯದ ಕೆಲಸ. ಮದುಮಗಳು ಮಂಟಪಕ್ಕೆ ನಡೆದು ಬರುವುದನ್ನು ನಿಧಾನ ಮಾಡಬೇಕು. ಊಟದ ಪಂಕ್ತಿಯನ್ನು ಓಡಿಸಬೇಕು. ಅಕ್ಕಿಕಾಳು ಗಾಳಿಯಲ್ಲಿ ತೇಲಬೇಕು, ಆದರೆ ಉಡುಗೊರೆ ಕೊಡಲು ನಿಂತವರ ಸಾಲು ಸರಸರ ಸರಿದುಹೋಗಬೇಕು. ಇಲ್ಲವಾದರೆ ಬೀಗರು ಬೈಯುತ್ತಾರೆ. ಹೀಗೆ ಎಳೆದ ಕಡೆ ಮೂಲ ಸದ್ದನ್ನು ಅಳಿಸಿ ಸಿನಿಮಾ ಹಾಡು ಹಾಕುವುದು ಪದ್ಧತಿ. ಹಗರಿಬೊಮ್ಮನಹಳ್ಳಿಯ ಒಂದು ಮದುವೆಯ ವಿಡಿಯೋ ಕೂಡಿಸುವಾಗ ನಾನು ಸದ್ದು ಅಳಿಸುವುದನ್ನು ಮರೆತೆ. ಅಕ್ಕಿಕಾಳು ನಿಧಾನವಾದ ಹಾಗೆ ಬ್ಯಾಂಡಿನ ಸದ್ದೂ ನಿಧಾನವಾಗಿ, ಬಾವಿಯ ತಳದಲ್ಲಿ ಯಾರೋ ಗೊಣಗಿದಂತೆ ಕೇಳಿತು. ಮದುಮಗಳ ಚಿಕ್ಕಮ್ಮ ನಕ್ಕಿದ್ದು ಎಮ್ಮೆಯೊಂದು ದೂರದಿಂದ ಕರುವನ್ನು ಕರೆದ ಹಾಗಿತ್ತು. ನನ್ನ ಮೈ ಜುಮ್ಮೆಂದಿತು. ಕಣ್ಣಲ್ಲಿ ನೀರು ಬಂತು ಎಂದೂ ಹೇಳಬೇಕು. ನಾನು ಆ ಭಾಗವನ್ನು ಹಾಗೆಯೇ ಉಳಿಸಿ ಮದುವೆಯವರಿಗೆ ಕೊಟ್ಟೆ. ಅವರು ಅದನ್ನು ಹಾಗೆಯೇ ವಾಪಸ್ ತಂದುಕೊಟ್ಟರು. ಆ ಚಿಕ್ಕಮ್ಮ ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಅಂದಿನಿಂದ ನಾನು ಕೆಟ್ಟೆ. ಎರಡನೇ ಕ್ಯಾಮೆರಾ ತರುತ್ತೇನೆಂದು ಹೋದವನು ಅಂಗೈಯಗಲದ ರೆಕಾರ್ಡರ್ ಒಂದನ್ನು ತಂದೆ. ಅದರ ಮೈಕಿಗೆ ಗಾಳಿ ಬಡಿಯದಂತೆ ಹಾಕುವ ಬೂದುಬಣ್ಣದ ತುಪ್ಪಳದ ಟೊಪ್ಪಿಗೆ ಇತ್ತು. ಹೆಂಡತಿ ಅದನ್ನು ಮೊದಲ ಸಲ ಕಂಡಾಗ ಪೊರಕೆ ತಂದಳು.

ನಮ್ಮ ಸುತ್ತಿನ ಐದು ತಾಲೂಕಿನಲ್ಲಿ ನಾನು ಆ ತುಪ್ಪಳವನ್ನು ಚಾಚದ ಜಾಗವಿಲ್ಲ. ನೀಲಗುಂದದ ಗುಡಿಯಲ್ಲಿ ಕಲ್ಲು ಕಂಬಗಳ ಮೌನ ಹಿಡಿಯಲು ಹೋಗಿ ಬಾವಲಿಗಳಿಂದ ತಲೆಯ ಮೇಲೆ ಪ್ರಸಾದ ಪಡೆದು ಬಂದೆ. ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಊರಿನ ಹೆಸರು ಕೂಗುವುದನ್ನು ಹಿಡಿಯಲು ನಿಂತಾಗ ಹಿರಿಯರೊಬ್ಬರು ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

"ನಮ್ಮ ಓಣ್ಯಾಗ ಚರಂಡಿ ತುಂಬಿ ಮನಿಯಾಗ ನೀರು ಬರಾಕತ್ತೈತ್ರಿ. ಹೇಳಿದ್ರ ಯಾರೂ ಕೇಳವಲ್ರು."

"ನಾನು ಟೀವಿಯವ ಅಲ್ರಿ ಯಜಮಾನ್ರ."

"ಮತ್ಯಾರು?"

"ಸದ್ದು ಹಿಡಿಯಾಕ ಬಂದೀನ್ರಿ. ಹಿಡಿದು ನಿಧಾನ ಮಾಡ್ತೀನಿ."

ಅವರು ನನ್ನನ್ನೂ ಎದುರಿಗೆ ಗಂಟೆಯಿಂದ ಅಲುಗದೆ ನಿಂತಿದ್ದ ಬಸ್ಸನ್ನೂ ನೋಡಿದರು. "ಇಲ್ಲಿ ಎಲ್ಲಾ ಮೊದ್ಲ ನಿಧಾನ ಐತಿ. ನೀ ಇನ್ನೇನು ನಿಧಾನ ಮಾಡ್ತಿಯೋ ಮಾರಾಯಾ" ಎಂದು ಹೋಗಿ ಬಸ್ಸಿನಲ್ಲಿ ಕೂತರು.

ತಂಗಿಯನ್ನು ಕೊಟ್ಟಿದ್ದು ಹಡಗಲಿಗೆ. ಮಲ್ಲಿಗೆ ಮೊಗ್ಗು ಬಿರಿಯುವ ಸದ್ದು ಹಿಡಿಯುತ್ತೇನೆಂದು ಅಲ್ಲಿಗೆ ಹೋಗಿ, ಸಂಜೆ ಹೊತ್ತು ಒಂದು ತೋಟದಲ್ಲಿ ಗಿಡದ ಬುಡಕ್ಕೆ ಮೈಕಿಟ್ಟು ಕುಕ್ಕರುಗಾಲಲ್ಲಿ ಕೂತೆ. ಮನೆಗೆ ಬಂದು ಕೇಳಿದರೆ ಗುಡುಗುಡು ಎಂಬ ಗಂಭೀರವಾದ ನಾದ. ಭೂಮಿ ಉಸಿರಾಡುತ್ತಿದೆ ಎಂದು ರೋಮಾಂಚನಗೊಂಡು ಹೆಂಡತಿಯನ್ನು ಕರೆದು ಕೇಳಿಸಿದೆ. ಅವಳು ಸ್ವಲ್ಪ ಹೊತ್ತು ಕೇಳಿ, ಮಧ್ಯಾಹ್ನ ತಂಗಿಯ ಮನೆಯಲ್ಲಿ ಎಷ್ಟು ಮಿರ್ಚಿ ಬಜ್ಜಿ ತಿಂದಿರಿ ಎಂದು ವಿಚಾರಿಸಿದಳು. ಅದು ನನ್ನ ಹೊಟ್ಟೆಯ ಸದ್ದು. ಆದರೂ ನಾನು ಬಿಡಲಿಲ್ಲ. ಅದನ್ನು ಮತ್ತಷ್ಟು ನಿಧಾನ ಮಾಡಿ ಭೂಮಿಯ ಉಸಿರು ಎಂದೇ ಹೆಸರಿಟ್ಟು ಇಂಟರ್ನೆಟ್ಟಿಗೆ ಹಾಕಿದೆ. ಯಾವುದೋ ದೇಶದವನೊಬ್ಬ ಕೇಳಿ, ಇದರಲ್ಲಿ ಕಲ್ಲಿನ ತಾಳ್ಮೆ ಇದೆ ಎಂದು ಬರೆದ. ಹೆಂಡತಿಗೆ ಓದಿ ಹೇಳಿದೆ.

"ಕಲ್ಲಿಂದಲ್ರೀ, ಆ ತಾಳ್ಮಿ ನಂದು ಅಂತ ಬರೀರಿ ಅವಗ" ಎಂದಳು.

ಹೆಂಡತಿ ಚಿಗಟೇರಿಯವಳು. ಇಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಅವಳು ಬ್ಯಾಂಕಿಗೆ, ನಾನು ಸ್ಟುಡಿಯೋಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅವ್ವ ಮಾತ್ರ. ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹರಪನಹಳ್ಳಿಯ ಕಣ್ಣಿನ ಡಾಕ್ಟರಿಗೆ ತೋರಿಸಿದಾಗ ಅವರು ಮುಚ್ಚುಮರೆ ಇಲ್ಲದೆ ಹೇಳಿದರು. "ಬಲಗಣ್ಣಿಂದು ಪೂರ್ತಿ ಬಲಿತೈತಿ. ಇನ್ನೂ ಬಿಟ್ರಿ ಅಂದ್ರ ಒಳಗ ಒತ್ತಡ ಏರಿ ನರ ಸಾಯ್ತೈತಿ. ಆಮ್ಯಾಲ ನೀವು ಎಲ್ಲಿಗೆ ಕರ್ಕೊಂಡು ಹೋದ್ರೂ ದೃಷ್ಟಿ ಬರಂಗಿಲ್ಲ. ದಾವಣಗೆರಿಗೆ ಹೋಗಿ ಲಗೂನ ಮಾಡಿಸಿಬಿಡ್ರಿ."

ಅವ್ವ ಒಪ್ಪಲಿಲ್ಲ. ಕಣ್ಣಿಗೆ ಕಬ್ಬಿಣ ಮುಟ್ಟಿಸಬಾರದು ಎಂಬುದು ಅವಳ ಹಟ. ಅವಳ ಗೆಳತಿಯೊಬ್ಬಳಿಗೆ ಆಪರೇಷನ್ ಆದಮೇಲೆ ಕಣ್ಣಲ್ಲಿ ಸದಾ ನೀರು ಸೋರುತ್ತಿತ್ತಂತೆ. "ನನಗೇನಾಗೈತಿ? ಹಾಲು ಉಕ್ಕೋದು ಗೊತ್ತಾಗ್ತೈತಿ, ಬಾಗಿಲು ಯಾವುದು ಗ್ವಾಡಿ ಯಾವುದು ಅಂತ ಗೊತ್ತಾಗ್ತೈತಿ. ಇನ್ನೇನು ನಾನು ಸೂಕ್ಷ್ಮ ಕೆಲಸ ಮಾಡೋದೈತಿ?" ಎನ್ನುತ್ತಿದ್ದಳು. ಮೊದಲು ನಯವಾಗಿ ಹೇಳಿದೆವು, ಆಮೇಲೆ ಜೋರು ಮಾಡಿದೆವು, ಆಮೇಲೆ ಮಾತು ಬಿಟ್ಟೆವು. ಯಾವುದಕ್ಕೂ ಅವ್ವ ಬಗ್ಗಲಿಲ್ಲ. ಅವಳು ಮನೆಯಲ್ಲಿ ಸರಾಗವಾಗಿ ಓಡಾಡುವುದನ್ನು ಕಂಡು ನಮಗೂ ಒಳಗೊಳಗೇ, ಅಷ್ಟೇನೂ ಕೆಟ್ಟಿಲ್ಲವೇನೋ ಎನಿಸತೊಡಗಿತ್ತು. ಡಾಕ್ಟರ ಮಾತು ನೆನಪಾದಾಗ ಮಾತ್ರ ಎದೆ ಧಸಕ್ ಎನ್ನುತ್ತಿತ್ತು.

ಈ ನಡುವೆ ನನ್ನ ಕಲೆ ನಿಂತಿರಲಿಲ್ಲ. ಹೊರಗಿನ ಜಗತ್ತು ನನ್ನನ್ನು ಅರ್ಥ ಮಾಡಿಕೊಳ್ಳದ ಕಾರಣ ನಾನು ಮನೆಯೊಳಗಿನ ಸದ್ದಿಗೆ ಇಳಿದಿದ್ದೆ. ಅಡುಗೆಮನೆಯ ಗೂಡಿನಲ್ಲಿ ರೆಕಾರ್ಡರ್ ಇಟ್ಟು ಹೋಗುವುದು, ಸಂಜೆ ಬಂದು ಅದರಲ್ಲಿ ಬಿದ್ದಿದ್ದನ್ನು ಕೇಳುವುದು. ಅವ್ವ ಜೋಳ ಹಸನು ಮಾಡುವುದು, ಮೊರ ಅಲುಗಿಸುವುದು, ಡಬ್ಬಿ ತೆಗೆಯುವುದು, ಮುಚ್ಚುವುದು. ಇವೆಲ್ಲವನ್ನೂ ಎಳೆದು ಎಳೆದು ಒಂದು ದೊಡ್ಡ ಗುಂಯ್ ಮಾಡಿದೆ. ಅದಕ್ಕೆ ನಮ್ಮ ಮನೆಯ ಮಧ್ಯಾಹ್ನ ಎಂದು ಹೆಸರಿಟ್ಟೆ. ಆದರೆ ಬರೀ ಗುಂಯ್ ಆದರೆ ಸಪ್ಪೆ. ಒಗ್ಗರಣೆಗೆ ಏನಾದರೂ ಬೇಕಿತ್ತು.

ಆ ಧ್ವನಿಮುದ್ರಣಗಳ ತುಂಬ ಅವ್ವ ಆಗಾಗ ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಲೊಚ್ ಎನ್ನಿಸುತ್ತಿದ್ದಳು. ಬೇಸರಕ್ಕೆ ಹೆಂಗಸರು ಮಾಡುತ್ತಾರಲ್ಲ, ಅದು. ಗೂಡಿನಲ್ಲಿ ನನ್ನ ಯಂತ್ರ ಕಂಡಾಗಲೆಲ್ಲ ಅವಳಿಗೆ ನನ್ನ ಬಗ್ಗೆ ಜಿಗುಪ್ಸೆ ಹುಟ್ಟಿ ಹೀಗೆ ಮಾಡುತ್ತಾಳೆ ಎಂದು ನಾನು ತಿಳಿದೆ. ಜಗತ್ತಿನ ಎಲ್ಲ ಸದ್ದೂ ತನ್ನ ಬಗ್ಗೆಯೇ ಎಂದು ತಿಳಿಯುವುದು ಕಲಾವಿದನ ಮೊದಲ ಲಕ್ಷಣ. ಸೇಡಿಗೆಂದೇ ನಾನು ಆ ಎಲ್ಲ ಲೊಚ್‌ಗಳನ್ನು ಹಿಂದುಮುಂದಿನ ಸದ್ದಿನ ಸಮೇತ ಕತ್ತರಿಸಿ ತೆಗೆದು, ಒಂದರ ಪಕ್ಕ ಒಂದು ಜೋಡಿಸಿ, ಅದರಲ್ಲಿ ಚಲೋ ಕಂಡ ಕೆಲವು ಲೊಚ್‌ಗಳನ್ನು ಮಾತ್ರ ಆರಿಸಿ, ಅವುಗಳ ವೇಗವನ್ನು ಹಲವು ಪಟ್ಟು ಹೆಚ್ಚಿಸಿದೆ. ಅವು ಥೇಟ್ ಹಲ್ಲಿಯಾದವು. ಗೋಡೆಯ ಹಲ್ಲಿ ನುಡಿದರೆ ಹೇಗೋ ಹಾಗೇ, ಮೂರು ನಾಲ್ಕು ಸಲ, ತೀಕ್ಷ್ಣವಾಗಿ. ನನಗೆ ಬಹಳ ಹಿಡಿಸಿತು. ಗುಂಯ್ ನಡುವೆ ಅಲ್ಲಲ್ಲಿ ಎರಚಿದೆ.

ಅದೇ ದಿನಗಳಲ್ಲಿ ಒಂದು ಭಾನುವಾರ ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಕೂಡ್ಲಿಗಿಯಿಂದ ಬಂದ. ತಂಗಿ ಹಡಗಲಿಯಿಂದ ಬಂದಳು. ಅವ್ವನಿಗೆ ಬುದ್ಧಿ ಹೇಳಿ ಒಪ್ಪಿಸಬೇಕೆಂದು ಎಲ್ಲರೂ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತರು. ಒಂದೇ ಕೋಣೆಯಲ್ಲಿ ಇಷ್ಟು ಜೊತೆ ಕಿವಿ ಸಿಗುವುದು ನನ್ನಂಥವನ ಬಾಳಿನಲ್ಲಿ ಸಣ್ಣ ಮಾತಲ್ಲ. ನಾನು ಮೆಲ್ಲಗೆ ಎದ್ದು ಟೀವಿ ಮೇಲಿನ ಷೋಕೇಸಿನಲ್ಲಿ, ಪ್ಲಾಸ್ಟಿಕ್ ಹೂವಿನ ಹಿಂದೆ ಇಟ್ಟಿದ್ದ ಸ್ಪೀಕರಿಗೆ ನಮ್ಮ ಮನೆಯ ಮಧ್ಯಾಹ್ನವನ್ನು ಹಚ್ಚಿದೆ. ಸದ್ದು ಕಡಿಮೆ ಇಟ್ಟೆ. ಕೇಳುಗರು ತಾವಾಗಿಯೇ ಕಂಡುಕೊಳ್ಳಲಿ ಎಂಬುದು ನನ್ನ ಆಗಿನ ತತ್ವ.

ತಂಗಿ ಕಂಡುಕೊಂಡಳು. "ಅತ್ತಿಗಿ, ನಿಮ್ಮ ಫ್ರಿಜ್ ಕೆಟ್ಟೈತಿ ನೋಡು, ಗುಂಯ್ ಅನ್ನಾಕತ್ತೈತಿ" ಎಂದು ಎದ್ದುಹೋಗಿ ಫ್ರಿಜ್ಜಿನ ಬೆನ್ನು ತಟ್ಟಿ ಬಂದಳು. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಚಾವಣಿ ನೋಡಿದೆ.

ಮಾತು ಬಹಳ ಹೊತ್ತು ನಡೆಯಿತು. ಅವ್ವ ಗೋಡೆಗೊರಗಿ, ಸೆರಗಿನ ತುದಿ ಸುತ್ತುತ್ತ, ಬ್ಯಾಡ ಎಂಬ ಒಂದೇ ಮಾತು ಹೇಳುತ್ತಿದ್ದಳು. ಕೊನೆಗೆ ಮಾವ ಮುಂದಕ್ಕೆ ಬಾಗಿ ಅವಳ ಕೈ ಹಿಡಿದುಕೊಂಡ.

"ಅಕ್ಕಾ, ನನ್ನ ಮಾತು ಕೇಳು. ಆಪರೇಷನ್ ಮಾಡಿಸ್ಕೊಂಡಿ ಅಂದ್ರ ನಿನ್ನ ಕಣ್ಣು ಮೊದಲಿನಂಗ ಆಗ್ತಾವು."

ಷೋಕೇಸಿನಿಂದ ನನ್ನ ಹಲ್ಲಿ ನುಡಿಯಿತು.

ನಮ್ಮ ಕಡೆ ಯಾರಾದರೂ ಮಾತು ಮುಗಿಸುವ ಹೊತ್ತಿಗೆ ಸರಿಯಾಗಿ ಹಲ್ಲಿ ನುಡಿದರೆ ಆ ಮಾತು ಸತ್ಯ ಎಂದು ಲೆಕ್ಕ. ಕೇಳಿದವರೆಲ್ಲ ಬೆರಳು ಮಡಿಸಿ ನೆಲ ಕುಟ್ಟುತ್ತಾರೆ. ಮಾವ ಕುಟ್ಟಿದ, ತಂಗಿ ಕುಟ್ಟಿದಳು, ಅಭ್ಯಾಸಬಲದಿಂದ ನಾನೂ ಕುಟ್ಟಿದೆ. ನನ್ನ ಯಂತ್ರಕ್ಕೆ ನಾನೇ ನೆಲ ಕುಟ್ಟಿದ್ದು ನೆನೆದರೆ ಈಗಲೂ ನಗು ಬರುತ್ತದೆ.

"ಶಿವ ಶಿವ! ಖರೇ ಐತಿ ನೋಡಕ್ಕಾ! ಅದೂ ಈಶಾನ್ಯಕ್ಕ ನುಡೀತು!" ಎಂದ ಮಾವ, ಹಲ್ಲಿ ಕಾಣುತ್ತದೋ ಎಂದು ಕತ್ತು ಚಾಚಿ ಗೋಡೆ ನೋಡತೊಡಗಿದ.

ಅವ್ವನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಅವಳೂ ಮೆತ್ತಗೆ ನೆಲ ಕುಟ್ಟಿದಳು. "ಆತು ಬಿಡ್ರಪಾ. ಹಲ್ಲಿನೂ ಹೇಳಿದ ಮ್ಯಾಲ ನಾ ಇನ್ನೇನು ಅನ್ನಲಿ. ಕರ್ಕೊಂಡು ಹೋಗ್ರಿ."

ನಾನು ಬಾಯಿ ತೆರೆದೆ. ಹೆಂಡತಿ ಚಾಪೆಯ ಮೇಲೆ ನನ್ನ ಕಾಲ್ಬೆರಳನ್ನು ಹಿಮ್ಮಡಿಯಿಂದ ಒತ್ತಿದಳು. ಆ ಹಲ್ಲಿಯನ್ನು ಅವಳು ವಾರದಿಂದ ಕೇಳುತ್ತಿದ್ದಳು, ಅವಳಿಗೆ ಎಲ್ಲ ಗೊತ್ತಿತ್ತು. ನಾನು ಬಾಯಿ ಮುಚ್ಚಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರೇ ಆಗಿದ್ದರೂ ಮುಗಿಯುತ್ತಿತ್ತು. ಆದರೆ ಮರುದಿನದಿಂದ ನಮ್ಮ ಓಣಿಯಲ್ಲೆಲ್ಲ ಆ ಹಲ್ಲಿಯದೇ ಸುದ್ದಿ. ಪಕ್ಕದ ಮನೆಯವರು ಬಂದು ಯಾವ ಗೋಡೆ ಎಂದು ಕೇಳಿ ನೋಡಿಕೊಂಡು ಹೋದರು. ಅವ್ವ ಷೋಕೇಸಿನ ಮೇಲಿನ ಗೋಡೆಗೆ ವಿಭೂತಿ ಹಚ್ಚಿ ಎರಡು ಹೂವು ಏರಿಸಿದಳು. ನನ್ನ ಇಷ್ಟು ದಿನಗಳ ಕಲಾಜೀವನದಲ್ಲಿ ಜನ ಕೈಮುಗಿದ ಕೃತಿ ಅದೊಂದೇ, ಆದರೆ ಹೆಸರೆಲ್ಲ ಹಲ್ಲಿಗೆ ಹೋಗಿತ್ತು. ನನಗೆ ಹೊಟ್ಟೆಕಿಚ್ಚು ಹತ್ತಿತು. ಇರದ ಹಲ್ಲಿಯ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಎರಡು ದಿನ ತಡೆದೆ. ಮೂರನೆಯ ದಿನ ಅವ್ವ ಗೋಡೆಗೆ ಕೈಮುಗಿಯುವಾಗ ತಡೆಯಲಾಗಲಿಲ್ಲ.

"ಅವ್ವಾ, ಅದು ಹಲ್ಲಿ ಅಲ್ಲ. ನಂದು. ನಾನು ಮಾಡಿದ್ದು."

"ಏನು ಮಾಡಿದಿ?"

ವಿವರಿಸಿದೆ. ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ಉತ್ಸಾಹದಲ್ಲಿ, ಅದು ಮೂಲತಃ ನಿನ್ನದೇ ನಾಲಿಗೆಯ ಸದ್ದು, ನಾನು ಓಡಿಸಿದ್ದೇನೆ ಅಷ್ಟೆ ಎಂದೂ ಹೇಳಿದೆ. ಅವ್ವ ಕೈ ಇಳಿಸಿ, ನಾನಿದ್ದ ಕಡೆಗೆ ಮುಖ ತಿರುಗಿಸಿದಳು. ನನ್ನನ್ನು ನೋಡಿದಳೆಂದು ಹೇಳಲಾರೆ, ನನ್ನ ದನಿ ಬಂದ ಕಡೆ ನೋಡಿದಳು.

"ಹಲ್ಲಿ ಹೇಳೈತಿ ಅಂತ ನಾ ಒಪ್ಪಿದ್ದೆ. ನೀ ಹೇಳಿದ್ದಾದ್ರ ನಾ ಯಾಕ ಒಪ್ಪಲಿ? ಬ್ಯಾಡ. ಯಾವ ದಾವಣಗೆರಿನೂ ಬ್ಯಾಡ."

ಸಂಜೆ ಹೆಂಡತಿ ಬಂದು ಸುದ್ದಿ ಕೇಳಿ ಬ್ಯಾಗನ್ನು ಚಾಪೆಯ ಮೇಲೆ ಒಗೆದಳು.

"ಆಪರೇಷನ್ ಆಗೋತನ ಬಾಯಿ ಮುಚ್ಕೊಂಡಿದ್ರ ನಿಮಗೇನಾಗ್ತಿತ್ರೀ?"

"ಅಲ್ಲ, ಖರೇ ಹೇಳಬೇಕಲ್ಲ."

"ಖರೇಕ್ಕಲ್ಲ ನೀವು ಹೇಳಿದ್ದು. ಹೆಸರು ಬೇಕಾಗಿತ್ತು ನಿಮಗ. ಹಲ್ಲಿ ಮುಂದ ಸೋತ್ರಿ ನೀವು."

ಆ ಮಾತು ಸರಿಯಾಗಿ ನಾಟಿತು. ಅಂದು ಮೊದಲ ಸಲ ನನಗೆ ನಿಜವಾಗಿ ಭಯವಾಯಿತು. ಅವ್ವ ಕುರುಡಿಯಾದರೆ ಅದು ವಯಸ್ಸಿನಿಂದ ಅಲ್ಲ, ಮಗನ ಬಾಯಿಚಪಲದಿಂದ ಎಂದು ಹಡಗಲಿಯಿಂದ ಕೂಡ್ಲಿಗಿಯವರೆಗೆ ಎಲ್ಲರೂ ಹೇಳುತ್ತಾರೆ. ಹೇಳದಿದ್ದರೂ ನನಗೆ ಗೊತ್ತಿರುತ್ತದೆ.

ಅದನ್ನು ಸರಿಪಡಿಸಲು ನಾನು ಮಾಡಿದ ಪ್ರಯತ್ನವೂ ನನ್ನ ಘನತೆಗೆ ತಕ್ಕಂತೆಯೇ ಇತ್ತು. ಯಂತ್ರದ ಹಲ್ಲಿ ಆಗದಿದ್ದರೆ ನಿಜವಾದ ಹಲ್ಲಿ ಇದೆಯಲ್ಲ ಎಂದುಕೊಂಡೆ. ಹುಳ ಬರಲೆಂದು ಸಂಜೆಯೇ ಟ್ಯೂಬ್‌ಲೈಟ್ ಹಾಕಿದೆ, ಹುಳ ಬಂದವು, ಹುಳದ ಹಿಂದೆ ಹಲ್ಲಿಗಳೂ ಬಂದವು. ನಾನು ಅವ್ವನ ಹತ್ತಿರ ಕೂತು, ಆಪರೇಷನ್ ಆದರೆ ಕಣ್ಣು ಬರುತ್ತವೆ ಎಂದು ಸ್ವಲ್ಪ ಸ್ವಲ್ಪ ಹೊತ್ತಿಗೆ ಹೇಳಿ ಗೋಡೆ ನೋಡುತ್ತಿದ್ದೆ. ಒಂದು ಹಲ್ಲಿಯೂ ಬಾಯಿ ಬಿಡಲಿಲ್ಲ. ಒಂದು ಮಾತ್ರ ಬಾಲ ಅಲ್ಲಾಡಿಸಿತು. ಕೊನೆಗೆ ಅವ್ವನೇ, "ಅವಕ್ಕರ ಬುದ್ಧಿ ಐತಿ, ಸುಮ್ನ ಅದಾವು. ನೀ ಏಳು" ಎಂದಳು.

ಮರುದಿನ ರಜೆ ಇತ್ತು. ಮೂವರೂ ಮನೆಯಲ್ಲಿದ್ದೆವು. ಅವ್ವ ಸುಮ್ಮನಿರದೆ ಮತ್ತೆ ಕೆದಕಿದಳು. "ನಾಲಿಗಿ ಸದ್ದು ಅಂತ. ನಾ ಯಾವಾಗ ಹಂಗ ಮಾಡೀನಿ? ಸುಳ್ಳ ಹೇಳ್ತಾನ ಇವ."

ಸುಳ್ಳ ಎಂದರೆ ಸಹಿಸಬಹುದು. ಆದರೆ ನನ್ನ ಮುದ್ರಣವನ್ನೇ ಸುಳ್ಳು ಎಂದರೆ ಸಹಿಸುವುದು ಹೇಗೆ? ವಾದದಲ್ಲಿ ಗೆಲ್ಲುವುದೊಂದೇ ತಲೆಯಲ್ಲಿತ್ತು. ಲ್ಯಾಪ್‌ಟಾಪ್ ತಂದು ಚಾಪೆಯ ಮೇಲಿಟ್ಟು, ಹಲ್ಲಿ ಮಾಡುವ ಮೊದಲು ನಾನು ಕತ್ತರಿಸಿ ಒಂದರ ಪಕ್ಕ ಒಂದು ಜೋಡಿಸಿದ್ದೆನಲ್ಲ, ಅದನ್ನು ಹಚ್ಚಿದೆ. ವೇಗ ಬದಲಿಸಲಿಲ್ಲ. ಇದ್ದದ್ದು ಇದ್ದ ಹಾಗೆ.

ಮೊರ ಅಲುಗುವ ಸದ್ದು. ಕಾಳು ಸರಿದು ನಿಂತಿತು. ಲೊಚ್.

ಮತ್ತೆ ಮೊರ. ಮತ್ತೆ ಲೊಚ್.

ಡಬ್ಬಿಯ ಮುಚ್ಚಳ ತೆಗೆದ ಸದ್ದು. ಮೂಸಿ ನೋಡಿದ ಉಸಿರು. ಮುಚ್ಚಿ, ಇನ್ನೊಂದು ಡಬ್ಬಿ. ಮತ್ತೊಂದು. ಲೊಚ್.

"ಕೇಳಿದೇನವ್ವಾ? ಯಾರ್ದು ಅದು?" ಎಂದೆ ಗೆದ್ದವನ ದನಿಯಲ್ಲಿ.

ಅವ್ವ ಮುಖ ಮುಂದೆ ಮಾಡಿ ಕೇಳುತ್ತಿದ್ದಳು. ಆಮೇಲೆ ಉದ್ದನೆಯ ಮೌನವೊಂದು ಬಂತು. ಆ ಮೌನ ನನಗೆ ಬಲು ಇಷ್ಟವಾದದ್ದು. ಅದನ್ನು ಬೇಕೆಂದೇ ಕತ್ತರಿಸದೆ ಇಟ್ಟಿದ್ದೆ. ಎಂಥ ಮೌನ, ಅಡುಗೆಮನೆಯೇ ಧ್ಯಾನಕ್ಕೆ ಕೂತಂತಿದೆ ಎಂದು ನನ್ನ ವಿದೇಶಿ ಮಿತ್ರನಿಗೆ ಬರೆದಿದ್ದೆ ಕೂಡ. ಮೌನ ಮುಗಿಯುವಲ್ಲಿ ಒಂದು ಲೊಚ್.

"ಇದು ಸೂಜಿದು" ಎಂದಳು ಅವ್ವ.

"ಏನು?"

"ಸೂಜಿಗೆ ದಾರ ಪೋಣಸಾಕ ಕುಂತಿದ್ದೆ. ರವಿಕಿ ಹೊಲಿಗಿ ಬಿಚ್ಚಿತ್ತು. ಕೊನಿಗೂ ಪೋಣಸಾಕ ಆಗ್ಲಿಲ್ಲ, ಹಂಗ ಎತ್ತಿಟ್ಟೆ." ಯಂತ್ರದ ಕಡೆ ಕೈ ತೋರಿಸಿ, "ಮದ್ಲಿಂದು ಜೋಳದ್ದು. ಹರಳು ಐತಿ ಅಂತ ಗೊತ್ತಾಗ್ತೈತಿ, ಕೈಗೆ ಹತ್ತವಲ್ದು. ಡಬ್ಬಿದು ಸಾಸಿವಿ ಹುಡುಕಿದ್ದು" ಎಂದಳು.

ಯಂತ್ರ ಓಡುತ್ತಲೇ ಇತ್ತು. ಲೊಚ್, ಲೊಚ್, ಲೊಚ್. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲೇ ನಿಂತಿದ್ದಳು. ನನಗೆ ಮುಖ ಎತ್ತಲಾಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಇದನ್ನೆಲ್ಲ ಎಷ್ಟು ಸಂಜೆ ಕೇಳಿದ್ದೆ! ಅವ್ವ ನನ್ನನ್ನು ಕಂಡು ಹೇಸುತ್ತಾಳೆಂದು ಮುನಿಸಿಕೊಂಡಿದ್ದೆ. ಅವಳು ತನ್ನ ಮನೆಯಲ್ಲೇ ತಡವರಿಸುತ್ತಿದ್ದಳು, ನಾನು ಅದರ ನಾದದ ಗುಣ ಮೆಚ್ಚುತ್ತ ಕೂತಿದ್ದೆ. ನಿಲ್ಲಿಸಲೆಂದು ಕೈ ಚಾಚಿದೆ.

"ಇರ್ಲಿ, ಬಿಡು" ಎಂದಳು ಅವ್ವ. ಪೂರ್ತಿ ಕೇಳಿದಳು. ಮುಗಿದ ಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದಳು. "ಒಂದೊಂದ ಸಲಕ್ಕ ಗೊತ್ತಾಗಂಗಿಲ್ಲ. ಇವತ್ತೊಂದು, ನಾಳಿಗೊಂದು. ಬೆಳಕು ಕಡಿಮಿ ಐತಿ ಅಂದ್ಕೋತಿದ್ದೆ. ಸೂಜಿ ಕಣ್ಣು ಸಣ್ಣದೈತಿ ಅಂದ್ಕೋತಿದ್ದೆ. ಹಿಂಗ ಎಲ್ಲಾ ಒಂದ ಕಡಿ ಕೂಡಿಸಿ ಕೇಳಿದ್ರ... ಇಷ್ಟು ಆಗೇತೇನೋ?"

ನಾನು ಹೂಂ ಎಂದೆ.

ಅವಳು ಹೆದರಿದ್ದಳು. ಅವಳ ಮುಖದಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಹೆಂಡತಿ ಬಂದು ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಳು. ಅವ್ವ ಸೊಸೆಯನ್ನು ಕೇಳಿದಳು. "ದಾವಣಗೆರಿ ಬಸ್ಸು ಎಷ್ಟೊತ್ತಿಗೈತವಾ?"

ಹೊರಡುವ ದಿನ ನಾನು ಕೈಚೀಲದ ತಳದಲ್ಲಿ ರೆಕಾರ್ಡರ್ ಇಟ್ಟುಕೊಂಡಿದ್ದೆ. ಆಸ್ಪತ್ರೆಯಲ್ಲಿ ಎಂಥೆಂಥ ಸದ್ದು ಇರುತ್ತವೋ ಎಂಬ ಯೋಚನೆ ಆಗಲೂ ಬಂದಿತ್ತು, ಏನು ಮಾಡಲಿ. ಹೆಂಡತಿ ಅದನ್ನು ಎತ್ತಿ ಕಪಾಟಿನಲ್ಲಿಟ್ಟು, ಆ ಜಾಗದಲ್ಲಿ ಬಿಸಿನೀರಿನ ಫ್ಲಾಸ್ಕ್ ತುರುಕಿದಳು. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿದೆವು. ತೆಲಿಗಿ ದಾಟುವವರೆಗೆ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳಿಗೆ ಹೊಲ ಕಾಣುತ್ತಿತ್ತೋ ಬರೀ ಬೆಳಕು ಕಾಣುತ್ತಿತ್ತೋ ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಬಲಗಣ್ಣಿಗೆ ಆಪರೇಷನ್ ಆಯಿತು. ಆ ಹೊತ್ತು ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಟ್ರಾಲಿ ಉರುಳುತ್ತಿತ್ತು, ಯಾರೋ ಹೆಸರು ಕೂಗುತ್ತಿದ್ದರು, ಎಲ್ಲೋ ಮಗು ಅಳುತ್ತಿತ್ತು. ನಾನು ಯಾವುದಕ್ಕೂ ಕಿವಿ ಕೊಡಲಿಲ್ಲ. ಡಾಕ್ಟರು ಹೊರಗೆ ಬಂದು, ಇನ್ನೊಂದಿಷ್ಟು ತಡ ಮಾಡಿದ್ದರೆ ಕಷ್ಟವಿತ್ತು, ಈಗ ಚಿಂತೆಯಿಲ್ಲ ಎಂದಾಗ ನಾನು ಎದ್ದು ಅವರಿಗೆ ಕೈಮುಗಿದೆ. ಹೆಂಡತಿ ಫ್ಲಾಸ್ಕಿನಿಂದ ನೀರು ಬಗ್ಗಿಸಿ ಕೊಟ್ಟಳು.

ಮರುದಿನ ಬೆಳಿಗ್ಗೆ ನರ್ಸ್ ಬಂದು ಪಟ್ಟಿ ಬಿಚ್ಚಿದರು. ಅವ್ವ ಮೊದಲು ಕಿಟಕಿ ನೋಡಿದಳು. ಆಮೇಲೆ ತನ್ನ ಅಂಗೈಯನ್ನು ಹತ್ತಿರ ತಂದು, ದೂರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಸೊಸೆಯನ್ನು ನೋಡಿ, "ಈ ಸೀರಿ ನಾ ಕಂದು ಅಂದ್ಕೊಂಡಿದ್ದೆ, ಹಸರು ಐತಲ್ಲವಾ!" ಎಂದು ಬಾಯಿತುಂಬ ನಕ್ಕಳು. ಪಕ್ಕದ ಮಂಚದ ಹೆಂಗಸಿನ ಮೂಗುಬೊಟ್ಟು ಕಾಣುತ್ತದೆ ಎಂದಳು. ಫ್ಯಾನಿನ ಮೇಲಿನ ಧೂಳು ಕಾಣುತ್ತದೆ ಎಂದಳು. ನನಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕು ಎನ್ನಿಸುವಷ್ಟು ಸಂತೋಷವಾಗಿತ್ತು. ಅವಳ ಎದುರಿಗೆ ಹೋಗಿ ನಿಂತೆ.

ಅವ್ವನ ನಗು ನಿಂತಿತು.

"ಬಾ ಇಲ್ಲಿ" ಎಂದಳು. ಹತ್ತಿರ ಹೋದೆ. "ಇನ್ನೂ ಬಾ." ಮಂಚದ ಅಂಚಿಗೆ ಕೂತೆ. ಅವಳು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಕೂದಲು ನೋಡಿದಳು, ಗಡ್ಡ ನೋಡಿದಳು, ಕಣ್ಣಿನ ಕೆಳಗೆ ಬೆರಳಾಡಿಸಿದಳು.

"ಇದೇನೋ ಇದು? ತಲಿ ಎಲ್ಲಾ ಬೆಳ್ಳಗಾಗೇತಲ್ಲೋ. ಗಲ್ಲ ಬತ್ಯಾವು. ಯಾವಾಗ ಆತೋ ಇದೆಲ್ಲಾ?"

"ಬರಬರ್ತಾ ಆತವ್ವಾ" ಎಂದೆ.

"ನನಗ ಈಗ ಒಮ್ಮಿಗೇ ಆತಲ್ಲೋ ಯಪ್ಪಾ" ಎಂದು ಅವಳು ಅಳತೊಡಗಿದಳು.

ಹೊಸ ಕಣ್ಣಿಗೆ ನೀರು ಬರಬಾರದು ಎಂದು ನರ್ಸ್ ಗದರಿಸಿದರು. ಅವ್ವ ಕೇಳಲಿಲ್ಲ. ನಾನು ಕೈ ಬಿಡಿಸಿಕೊಳ್ಳದೆ, ಅವಳು ನೋಡುವಷ್ಟು ನೋಡಲಿ ಎಂದು ಹಾಗೆಯೇ ಕೂತೆ.